ಕರೆಗೊರಳು

ನಾಗವೇಣಿ ಮೊಗೇರ ಸ್ವಿಚ್ಚು ಒತ್ತಿದಳು. ದೋಣಿಯ ಹಿಂಬದಿಯಲ್ಲಿ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿದ್ದ ಕರೆಗೊರಳು ಒಮ್ಮೆ ಅದುರಿ ಕೂಗತೊಡಗಿತು. ಮೇಲೆ ಕುಳಿತವರಿಗೆ ಆ ಕೂಗು ಕೇಳಿಸುವುದಿಲ್ಲ. ಕಾಲಡಿಯ ಹಲಗೆ ಸ್ವಲ್ಪ ಜುಮ್ಮೆನ್ನುತ್ತದೆ, ಅಷ್ಟೇ. ನೀರಿನೊಳಗೆ ಮಾತ್ರ ಅದು ನೇತ್ರಾಣಿ ದ್ವೀಪವನ್ನು ಬಳಸಿ ಹತ್ತಾರು ಮೈಲಿ ಹೋಗುತ್ತದೆ. ಬೆಳಿಗ್ಗೆ ಮುರುಡೇಶ್ವರದಿಂದ ಹೊರಟಿದ್ದ ಪ್ರವಾಸಿಗರೆಲ್ಲ ಕ್ಯಾಮೆರಾ ಹಿಡಿದು ಕಟಕಟೆಗೆ ಒತ್ತಿಕೊಂಡು ನಿಂತರು. ಕೂಗಿದ ಸ್ವಲ್ಪ ಹೊತ್ತಿಗೆಲ್ಲ ಎಲ್ಲಾದರೂ ಒಂದು ಕಪ್ಪು ಬೆನ್ನು ನೀರು ಸೀಳಿಕೊಂಡು ಎದ್ದೇ ಏಳುತ್ತದೆ ಎಂಬುದು ಆ ಕಾಲಕ್ಕೆ ಈ ಕರಾವಳಿಯಲ್ಲಿ ಖಾತ್ರಿಯ ಮಾತಾಗಿತ್ತು.

ಆ ದಿನ ಏಳಲಿಲ್ಲ.

ಕರೆಗೊರಳು ಬರುವ ಮೊದಲಿನ ಕಥೆಯೇ ಬೇರೆ. ಆಗ ತಿಮಿಂಗಿಲ ನೋಡಿದೆ ಎನ್ನುವವರು ಊರೂರಿಗೂ ಸಿಗುತ್ತಿದ್ದರು, ನೋಡಲೆಂದು ಹೋದವರಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಇಡೀ ದಿನ ಬಿಸಿಲಲ್ಲಿ ಬೆಂದು, ತಿಂದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, ಸಂಜೆ ದಡಕ್ಕಿಳಿದು ದೋಣಿಯವರ ಮೇಲೆ ಹರಿಹಾಯುತ್ತಿದ್ದರು. ದೋಣಿಗಳು ಸೌರಶಕ್ತಿಯಿಂದ ಓಡತೊಡಗಿದವು. ಹೊಗೆ ಹೋಯಿತು, ಸದ್ದು ಹೋಯಿತು, ಆದರೆ ವಾಂತಿಯೂ ಹೋಗಲಿಲ್ಲ, ಜಗಳವೂ ಹೋಗಲಿಲ್ಲ. ಈ ಜಗಳಕ್ಕೆ ಮದ್ದು ಕಂಡುಹಿಡಿದವರು ಕಡಲ ಧ್ವನಿವಿಜ್ಞಾನಿ ಡಾ. ಸುಮನಾ ನಾಡಕರ್ಣಿ.

ಅರಬ್ಬಿ ಸಮುದ್ರದ ಗೂನು ತಿಮಿಂಗಿಲಗಳು ಬೇರೆ ಸಾಗರದ ತಮ್ಮ ಬಂಧುಗಳಂತೆ ದೂರದೂರಕ್ಕೆ ವಲಸೆ ಹೋಗುವುದಿಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಮೇಯ್ದು, ಇಲ್ಲೇ ಸಾಯುತ್ತವೆ. ಸಂಖ್ಯೆಯೂ ಕಡಿಮೆ; ಒಂದರ ದನಿ ಇನ್ನೊಂದಕ್ಕೆ ಗೊತ್ತು. ಹಲವು ವರ್ಷಗಳ ಹಿಂದೆ ಸುಮನಾ ತಮ್ಮ ನೀರುಕಿವಿಯಲ್ಲಿ, ಅಂದರೆ ನೀರಿನಾಳದ ಸದ್ದನ್ನು ಹಿಡಿಯುವ ಉಪಕರಣದಲ್ಲಿ, ಒಂದು ಕೂಗನ್ನು ದಾಖಲಿಸಿಕೊಂಡಿದ್ದರು. ಅದರೊಳಗಿನ ಗಲಿಬಿಲಿಯನ್ನೆಲ್ಲ ಸೋಸಿ ತೆಗೆದು, ಶುದ್ಧವಾದ ಕೂಗನ್ನು ಮಾತ್ರ ಉಳಿಸಿಕೊಂಡು, ಕೊಡದಷ್ಟು ದೊಡ್ಡದಾದ ಒಂದು ಯಂತ್ರದ ಮೂಲಕ ಮತ್ತೆ ನೀರಿಗೆ ಬಿಟ್ಟರು. ತಿಮಿಂಗಿಲಗಳು ಓಡೋಡಿ ಬಂದವು. 'ಇಲ್ಲಿ ಮೀನಿದೆ, ಬನ್ನಿ' ಎಂಬುದು ಆ ಕೂಗಿನ ಅರ್ಥವಿರಬಹುದು ಎಂದು ಅವರು ತಮ್ಮ ಪ್ರಬಂಧದಲ್ಲಿ ಬರೆದರು. ಇರಬಹುದು ಎಂದೇ ಬರೆದಿದ್ದರು. ಆದರೆ ಬರುತ್ತವಲ್ಲ, ಇನ್ನೇನು ಬೇಕು ಎಂದು ಯಾರೂ ಅದನ್ನು ಕೆದಕಲು ಹೋಗಲಿಲ್ಲ. ವರ್ಷ ತುಂಬುವುದರೊಳಗೆ ಕಾರವಾರದಿಂದ ಮಲ್ಪೆಯವರೆಗೆ ದೋಣಿಗೊಂದು ಕರೆಗೊರಳು ಬಂತು.

ಈ ಹಂಗಾಮಿನಲ್ಲಿ ಮಾತ್ರ ಏನೋ ಕೆಟ್ಟಿತ್ತು. ಮೊದಲು ಐದಾರು ಬರುತ್ತಿದ್ದ ಕಡೆ ಎರಡು ಬಂದವು, ಆಮೇಲೆ ಒಂದು. ಕೊನೆಗೆ ನಾಗವೇಣಿಯ ದೋಣಿಗೆ ಬರುತ್ತಿದ್ದದ್ದು ಚಂದ್ರಿ ಒಬ್ಬಳೇ. ಬಾಲದ ಮೇಲೆ ಬೆಳ್ಳನೆಯ ಚಂದ್ರನಂಥ ಮಚ್ಚೆಯಿದ್ದ ಆ ಹೆಣ್ಣು ತಿಮಿಂಗಿಲಕ್ಕೆ ದೋಣಿಯವರೇ ಇಟ್ಟ ಹೆಸರು ಅದು. ಯಂತ್ರ ಹಳೆಯದಾಗಿರಬೇಕು, ದನಿ ಕೆಟ್ಟಿರಬೇಕು ಎಂದು ದೋಣಿ ಓಡಿಸುವ ಪ್ರವಾಸಿ ಕಂಪನಿಯವರು ದೂರು ಕೊಟ್ಟಿದ್ದರಿಂದ ಸುಮನಾ ಇವತ್ತು ಖುದ್ದಾಗಿ ಹೊರಟು ಬಂದಿದ್ದರು.

ನಾಗವೇಣಿ ಈ ದೋಣಿಯ ತಾಂಡೇಲ. ತಾಂಡೇಲ ಎಂದರೆ ದೋಣಿಯಲ್ಲಿ ಅವಳ ಮಾತೇ ಮಾತು. ಸೀರೆಯ ಮೇಲೆ ಕಂಪನಿಯ ಕಿತ್ತಳೆ ಅಂಗಿ ತೊಟ್ಟು ಚುಕ್ಕಾಣಿ ಹಿಡಿದರೆ ಪ್ರವಾಸಿಗರನ್ನೂ ಸಮುದ್ರವನ್ನೂ ಒಂದೇ ದನಿಯಲ್ಲಿ ಗದರುವ ಹೆಂಗಸು. ಕರೆಗೊರಳಿನ ಬಗ್ಗೆ ಅವಳಿಗೆ ಬಲು ಹೆಮ್ಮೆ. ತನ್ನ ಕೈಗುಣಕ್ಕೇ ಚಂದ್ರಿ ಬರುತ್ತಾಳೆ ಎಂದು ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದಳು. ಇವತ್ತು ಚಂದ್ರಿಯೂ ಬಾರದೆ ಅವಳ ಮುಖ ಸಣ್ಣಗಾಗಿತ್ತು.

ಎರಡನೆಯ ಸಲ ಕೂಗಿದರೂ ನೀರು ಹಾಗೇ ಇತ್ತು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಗುರುಶಾಂತಪ್ಪನವರು, ನಮ್ಮೂರಿನ ಕೆರೆಯಲ್ಲಿ ಎಮ್ಮೆಯನ್ನಾದರೂ ನೋಡಬಹುದಿತ್ತು ಎಂದು ಹೆಂಡತಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ದೋಣಿಯವರಿಗೂ ಕೇಳಿಸಿತು.

ಸುಮನಾ ನೀರುಕಿವಿಯನ್ನು ಇಳಿಬಿಟ್ಟು ಹೆಡ್‌ಫೋನ್ ಹಾಕಿಕೊಂಡರು. ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಎದುರಿನ ಪುಟ್ಟ ಪರದೆ ಚುಕ್ಕೆಗಳಲ್ಲಿ ತೋರಿಸುತ್ತಿತ್ತು. ಅಚ್ಚರಿಯೆಂದರೆ ತಿಮಿಂಗಿಲಗಳು ಇದ್ದವು. ಎರಡು ದೊಡ್ಡ ಗಂಡುಗಳು ಉತ್ತರಕ್ಕೆ, ಕೂಗು ಚೆನ್ನಾಗಿ ಕೇಳಿಸುವಷ್ಟು ಹತ್ತಿರದಲ್ಲೇ ಗೊಣಗಿಕೊಳ್ಳುತ್ತಿದ್ದವು. ಕರೆಗೊರಳು ಮತ್ತೊಮ್ಮೆ ಕೂಗಿದಾಗ ಅವೆರಡೂ ಗಪ್ಪಾದವು. ಆಮೇಲೆ ಚುಕ್ಕೆಗಳು ಮೆಲ್ಲಗೆ ದೂರ ಸರಿದವು. ಯಂತ್ರದ ದನಿ ಕೆಟ್ಟಿರಲಿಲ್ಲ. ಅವು ಕೇಳಿಸಿಕೊಂಡೇ ಬೆನ್ನು ತಿರುಗಿಸಿದ್ದವು.

ಕೂಗು ಇನ್ನೂ ನಿಂತಿರಲಿಲ್ಲ. ಸುಮನಾ ಹೆಡ್‌ಫೋನಿನ ಒಂದು ಬದಿ ಸರಿಸಿ ಹೇಳಿದರು: "ನಾಗವೇಣಿ, ಅದನ್ನು ಆರಿಸಿ."

"ಆಗ್ಲೇ ಆರ್ಸಿ ಆಯ್ತು, ಡಾಕ್ಟ್ರಮ್ಮ."

ಸುಮನಾ ಎದ್ದು ಹೋಗಿ ಸ್ವಿಚ್ಚನ್ನು ತಾವೇ ನೋಡಿದರು. ಆರಿತ್ತು. ಕಿವಿಯಲ್ಲಿ ಮಾತ್ರ ಅದೇ ಕೂಗು, ಅದೇ ಏರು, ಅದೇ ಇಳಿವು. ಈಗ ಬರುತ್ತಿದ್ದದ್ದು ದ್ವೀಪದ ಪಶ್ಚಿಮದ ಬಂಡೆಗಳ ಹಿಂದಿನಿಂದ. ಒಂದು ದನಿ ದಪ್ಪ, ಅದರ ಜೊತೆಗೆ ಇನ್ನೊಂದು ತೆಳ್ಳಗಿನದು, ಮರಿಯದು. ಅವೆರಡರ ನಡುವೆ ಹಗ್ಗ ಬಂಡೆಗೆ ಉಜ್ಜಿದ ಕಿರುಗುಟ್ಟುವಿಕೆ. ಆ ಕಿರುಗುಟ್ಟುವಿಕೆ ಸುಮನಾರಿಗೆ ಹೊಸದಲ್ಲ. ಮೊಟ್ಟಮೊದಲು ದಾಖಲಿಸಿದ ಕೂಗಿನಲ್ಲೂ ಅದು ಇತ್ತು. ತಮ್ಮದೇ ದೋಣಿಯ ಹಗ್ಗದ ಸದ್ದು ಎಂದುಕೊಂಡು, ಕಸ ತೆಗೆದಂತೆ ಅದನ್ನು ಸೋಸಿ ತೆಗೆದಿದ್ದರು. ಆ ದಿನವೂ ಯಾವುದೋ ತಿಮಿಂಗಿಲ ಎಲ್ಲೋ ಬಲೆಗೆ ಸಿಕ್ಕಿಕೊಂಡು ಕೂಗುತ್ತಿತ್ತು. ಕೂಗನ್ನು ಇಟ್ಟುಕೊಂಡು, ಕೂಗಿದ್ದರ ಕಾರಣವನ್ನು ಅವರು ಎಸೆದುಬಿಟ್ಟಿದ್ದರು.

ದೋಣಿಯನ್ನು ಬಂಡೆಗಳ ಕಡೆ ತಿರುಗಿಸಲು ಹೇಳಿ, ದಾರಿಯಲ್ಲೇ ಸುಮನಾ ಎಲ್ಲವನ್ನೂ ನಾಗವೇಣಿಗೆ ಬಿಡಿಸಿ ಹೇಳಿದರು. ಅದು ಮೀನಿಗೆ ಕರೆಯುವ ಕೂಗಲ್ಲ, ಮುಳುಗುತ್ತಿದ್ದೇನೆ ಬನ್ನಿ ಎಂಬ ಕೂಗು. ತಿಮಿಂಗಿಲವೂ ನಮ್ಮಂತೆ ಗಾಳಿಯನ್ನೇ ಉಸಿರಾಡುವುದು. ಸೋತು ನೀರಿನೊಳಗೆ ಉಳಿದರೆ ಅದೂ ಉಸಿರುಕಟ್ಟಿ ಸಾಯುತ್ತದೆ. ಅಂಥದ್ದನ್ನು ಉಳಿದವು ಬಂದು ಬೆನ್ನ ಮೇಲೆ ಹೊತ್ತು ನೀರಿನ ಮೇಲಕ್ಕೆ ಎತ್ತಿ ಹಿಡಿಯುತ್ತವೆ. ಇಷ್ಟು ವರ್ಷ ಅವು ಓಡಿ ಬಂದದ್ದು ಎತ್ತಿ ಹಿಡಿಯುವುದಕ್ಕೆ. ಬಂದು ನೋಡಿದರೆ ಕ್ಯಾಮೆರಾ ಹಿಡಿದ ಜನ.

ನಾಗವೇಣಿಯ ಮೀನುಗಾರ ಜನರಲ್ಲಿ ಒಂದು ಪದ್ಧತಿಯಿದೆ. ಕಡಲಲ್ಲಿ ಪ್ರಾಣಕ್ಕೆ ಬಂದರೆ ಮೈಮೇಲಿನ ಅಂಗಿ ಬಿಚ್ಚಿ ಗಳಕ್ಕೆ ಕಟ್ಟಿ ಎತ್ತುತ್ತಾರೆ. ವೈರ್‌ಲೆಸ್ ಬಂದರೂ ಉಪಗ್ರಹ ಬಂದರೂ ಆ ಪದ್ಧತಿ ಹೋಗಿಲ್ಲ. ಎತ್ತಿದ ಅಂಗಿ ಕಂಡವನು, ಹಗೆಯವನೇ ಆಗಿರಲಿ, ತುಂಬಿದ ಬಲೆಯನ್ನು ಕಡಿದಾದರೂ ಹೋಗಲೇಬೇಕು. ಸುಮ್ಮಸುಮ್ಮನೆ ಅಂಗಿ ಎತ್ತಿದವನ ದೋಣಿಯನ್ನು ದಡದಲ್ಲಿ ಯಾರೂ ಕೈಹಾಕಿ ನೂಕುವುದಿಲ್ಲ, ಅವನ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ.

"ಅಂದ್ರೆ ನಾನು ಇಷ್ಟು ವರ್ಷ ದಿನಾ ಬೆಳಿಗ್ಗೆ ಎದ್ದು ಸುಳ್ಳು ಅಂಗಿ ಎತ್ತಿದ್ದು," ಎಂದಳು ನಾಗವೇಣಿ. "ನಿಮ್ಮ ಮಾತು ಕೇಳ್ಕಂಡು."

ಸುಮನಾ ಹೌದೆಂದರು.

ಬಂಡೆ ದಾಟಿದ್ದೇ ಕಂಡಿತು. ಚಂದ್ರಿ ಅಲ್ಲಿದ್ದಳು. ಅವಳ ಬೆನ್ನ ಮೇಲೆ, ಒಂದು ಪಾತಿದೋಣಿಯಷ್ಟು ಉದ್ದದ ಮರಿ. ಯಾರೋ ಕಡಲಲ್ಲೇ ಬಿಟ್ಟುಹೋದ ಹಳೆಯ ಬಲೆ ತಳದ ಬಂಡೆಗೆ ಸಿಕ್ಕಿಕೊಂಡಿತ್ತು, ಅದರ ದಪ್ಪ ನೈಲಾನ್ ಹಗ್ಗ ಮರಿಯ ಬಾಲಕ್ಕೆ ಸುತ್ತಿಕೊಂಡಿತ್ತು. ತಾಯಿ ಕೆಳಗಿನಿಂದ ಎತ್ತಿದಾಗ ಮಾತ್ರ ಮರಿಯ ತಲೆ ನೀರಿನ ಮೇಲೆ ಬಂದು ಒಂದು ಉಸಿರು ಎಳೆಯುತ್ತಿತ್ತು.

ನಾಗವೇಣಿ ಬಂಡೆಯ ಮೇಲಿನ ನೀರಿನ ಗುರುತು ನೋಡಿದಳು. ಉಬ್ಬರ ಏರುತ್ತಿತ್ತು. ಹಗ್ಗ ಬೆಳೆಯುವುದಿಲ್ಲ, ನೀರು ಬೆಳೆಯುತ್ತದೆ. ಇನ್ನು ಮೊಣಕಾಲುದ್ದ ನೀರು ಏರಿದರೆ ತಾಯಿ ಎಷ್ಟು ಎತ್ತಿದರೂ ಮರಿಯ ಮೂಗು ಮೇಲಕ್ಕೆ ಮುಟ್ಟುವುದಿಲ್ಲ. ಪ್ರವಾಸಿಗರಿಗೂ ಅದು ಅರ್ಥವಾಯಿತು. ಎಲ್ಲರೂ ಬಯಸಿ ಬಂದದ್ದು ಕಣ್ಣೆದುರಿಗೇ ಇತ್ತು, ಆದರೆ ಒಬ್ಬರೂ ಕ್ಯಾಮೆರಾ ಎತ್ತಲಿಲ್ಲ.

ಸುಮನಾರಿಗೆ ಆ ಎರಡು ಗಂಡು ತಿಮಿಂಗಿಲಗಳ ನೆನಪಾಯಿತು. ಅವು ಬಂದರೆ ಮೂವರೂ ಸೇರಿ ಹಗ್ಗವನ್ನೇ ಕಿತ್ತಾರು. ಮರಿಯ ದನಿ ಸೋತಿದೆ, ಯಂತ್ರದ ದನಿ ದೊಡ್ಡದು. ಇವತ್ತಿನ ಮಟ್ಟಿಗೆ ಆ ಕೂಗು ಸುಳ್ಳೂ ಅಲ್ಲ. ಅವರು ಕರೆಗೊರಳನ್ನು ಮತ್ತೆ ನೀರಿಗೆ ಇಳಿಬಿಟ್ಟು ಸ್ವಿಚ್ಚು ಒತ್ತಿದರು.

ಪರದೆಯ ಮೇಲೆ ಉತ್ತರದ ಚುಕ್ಕೆಗಳು ಮಿಸುಕಲಿಲ್ಲ. ಮಿಸುಕಿದ್ದು ಚಂದ್ರಿ. ಕೂಗು ಕೇಳಿದ್ದೇ ಅವಳು ಮರಿಯನ್ನು ಬಿಟ್ಟು ಯಂತ್ರದ ಕಡೆಗೆ ತಿರುಗಿದಳು. ಅರ್ಧ ದಾರಿ ಬಂದು ಮತ್ತೆ ಮರಿಯ ಕಡೆ ಹೊರಳಿದಳು, ಮತ್ತೆ ಇತ್ತ ಬಂದಳು. ಇಬ್ಬರೂ ಮುಳುಗುತ್ತಿದ್ದಾರೆ, ಯಾರನ್ನು ಎತ್ತಲಿ ಎಂದು ಆ ಬಡಪಾಯಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮರಿಯ ತಲೆ ನೀರಿನೊಳಕ್ಕೆ ಹೋಗಿಬಿಟ್ಟಿತ್ತು.

"ಆರ್ಸಿ!" ಎಂದು ನಾಗವೇಣಿ ಕಿರುಚಿದಳು. ಸುಮನಾ ಆರಿಸಿದರು. ಚಂದ್ರಿ ರಭಸದಿಂದ ಹೊರಳಿ ಮರಿಯನ್ನು ಮೇಲಕ್ಕೆತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮರಿಯ ಮೂಗಿನಿಂದ ನೀರು ಚಿಮ್ಮಿತು. ಗುರುಶಾಂತಪ್ಪನವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಸುಮನಾ ಸ್ವಿಚ್ಚಿನಿಂದ ಕೈ ತೆಗೆದು ಕುಳಿತರು. ಉಳಿದ ತಿಮಿಂಗಿಲಗಳು ಆ ಕೂಗನ್ನು ನಂಬುವುದನ್ನು ಬಿಟ್ಟಿದ್ದವು. ನಂಬುತ್ತಿದ್ದವಳು ಇವಳೊಬ್ಬಳೇ, ಈಗ ಅವಳು ಕೂಗಿದರೆ ಬರುವವರು ಯಾರೂ ಇಲ್ಲ. "ಅವುಗಳಿಗೆ ಹೇಳಲು ನಮ್ಮ ಹತ್ತಿರ ಇದ್ದದ್ದು ಒಂದೇ ಮಾತು, ನಾಗವೇಣಿ," ಎಂದರು. "ಅದನ್ನೂ ನಾನು ಹಾಳು ಮಾಡಿಬಿಟ್ಟೆ."

ಅಳುವುದನ್ನು ದಡಕ್ಕೆ ಹೋಗಿ ಮಾಡಿ ಎಂದು ನಾಗವೇಣಿ ಗದರಿದಳು. ಹಗ್ಗ ಕಡಿಯಬೇಕಾದರೆ ಅದನ್ನು ತಳದಿಂದ ಮೇಲೆತ್ತಬೇಕು. ಅದಕ್ಕೆ ಬಲೆ ಎಳೆಯುವ ರಾಟೆ ಬೇಕು. ಪ್ರವಾಸಿ ದೋಣಿಯಲ್ಲಿ ತಂಪು ಪಾನೀಯದ ಪೆಟ್ಟಿಗೆ ಬಿಟ್ಟರೆ ಬೇರೆ ಯಂತ್ರವೇ ಇಲ್ಲ. ದಕ್ಷಿಣಕ್ಕೆ ಒಂದು ಮೀನುಗಾರಿಕೆ ದೋಣಿ ಬಲೆ ಹಾಕಿಕೊಂಡು ನಿಂತಿತ್ತು. ಅದು ಈಶ್ವರ ಮೊಗೇರನದು. ದಕ್ಕೆಯಲ್ಲಿ ದೋಣಿ ಕಟ್ಟುವ ಜಾಗದ ವಿಷಯಕ್ಕೆ ಅವನ ಮನೆಗೂ ಅವಳ ಮನೆಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ವೈರ್‌ಲೆಸ್ಸಿನಲ್ಲಿ ಅವಳ ದನಿ ಕೇಳಿದರೆ ಅವನು ಆರಿಸಿಬಿಡುವವನೇ.

ನಾಗವೇಣಿ ಕಿತ್ತಳೆ ಅಂಗಿ ಬಿಚ್ಚಿ ಗಳಕ್ಕೆ ಕಟ್ಟಿ ಎತ್ತಿ ಹಿಡಿದಳು.

ಆ ಕಾಯುವಿಕೆಯನ್ನು ಅಲ್ಲಿದ್ದವರು ಯಾರೂ ಮರೆಯಲಿಲ್ಲ. ಚಂದ್ರಿ ಎತ್ತುತ್ತಿದ್ದಳು, ಮರಿ ಉಸಿರೆಳೆಯುತ್ತಿತ್ತು, ನೀರು ಬಂಡೆಯ ಮೇಲೆ ಏರುತ್ತಿತ್ತು. ಕಂಪನಿಯವರು ವೈರ್‌ಲೆಸ್ಸಿನಲ್ಲಿ, ಪ್ರವಾಸಿಗರನ್ನು ಇಟ್ಟುಕೊಂಡು ಬಂಡೆಯ ಹತ್ತಿರ ಏನು ಮಾಡುತ್ತಿದ್ದೀಯ, ಕೂಡಲೇ ವಾಪಸ್ ಬಾ ಎಂದು ಕೂಗಾಡುತ್ತಿದ್ದರು. ನಾಗವೇಣಿ ಗಳ ಹಿಡಿದ ಕೈ ಬಿಡದೆ ಕಾಲಿನಿಂದ ಅದರ ವೈರು ಕಿತ್ತಳು. ಹಿಂದೆ ಹೋಗೋಣ ಎಂದು ಇಬ್ಬರು ಗೊಣಗಿದಾಗ ಗುರುಶಾಂತಪ್ಪನವರು ಅವರತ್ತ ತಿರುಗಿ, "ಇವನ್ನ ನೋಡಾಕ ನಾ ಮೂರು ಸಲ ರೊಕ್ಕಾ ಕೊಟ್ಟು ಬಂದೀನಿ. ಇದನ್ನ ಹಿಂಗ ಬಿಟ್ಟು ಹ್ವಾದ್ರ ನನಗ ಊಟ ಸೇರೂದಿಲ್ಲ," ಎಂದರು.

ಈಶ್ವರನ ದೋಣಿ ಬಲೆಯ ಹಗ್ಗ ಕಡಿದುಕೊಂಡು ಬಂತು. ತೇಲುತ್ತಿದ್ದ ಬೆಂಡುಗಳನ್ನು ಹಿಂದೆಯೇ ಬಿಟ್ಟು, ನೆಟ್ಟಗೆ ಬಂತು. ಹತ್ತಿರ ಬಂದು ನೋಡಿದರೆ ಮುಳುಗುತ್ತಿರುವ ಮನುಷ್ಯರಿಲ್ಲ, ತೂತು ಬಿದ್ದ ದೋಣಿಯಿಲ್ಲ. ಈಶ್ವರನ ಮುಖ ಬಿಗಿಯಿತು.

"ಅಂಗಿ ಎತ್ತಿದ್ದು ಯಾರ ಜೀವಕ್ಕೆ?" ಎಂದು ಕೇಳಿದ.

ನಾಗವೇಣಿ ಕೈಮಾಡಿ ತೋರಿಸಿದಳು. ಅವನು ನೋಡಿದ. ಮರಿ ಮೇಲೆ ಬಂತು, ಅರ್ಧ ಉಸಿರು ಎಳೆಯಿತು, ಕೆಳಗೆ ಹೋಯಿತು.

"ಬಲೆ ನಮ್ಮೋರದ್ದೇ," ಎಂದ ಈಶ್ವರ ಕೊನೆಗೆ. "ರಾಟೆ ಬಿಡ್ತೆ. ನೀ ಕತ್ತಿ ತಕ್ಕ."

ಈಶ್ವರನ ಆಳುಗಳು ಬಾವಿಗೆ ಬಿಡುವ ಪಾತಾಳಗರಡಿಯಂಥ ಕೊಕ್ಕೆಯನ್ನು ತಳಕ್ಕೆ ಬಿಟ್ಟು ತಡಕಾಡಿದರು. ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು. ಮೂರನೆಯ ಸಲಕ್ಕೆ ಹಗ್ಗ ಸಿಕ್ಕಿತು, ರಾಟೆ ನರಳುತ್ತಾ ಎಳೆಯಿತು. ನಾಗವೇಣಿ ಈಶ್ವರನ ದೋಣಿಗೆ ಕಟ್ಟಿದ್ದ ಸಣ್ಣ ಪಾತಿದೋಣಿಗೆ ಇಳಿದು, ಬಿದಿರಿಗೆ ಕತ್ತಿ ಕಟ್ಟಿಕೊಂಡು ಹತ್ತಿರ ಹೋದಳು. ಹುಟ್ಟು ಹಿಡಿಯಲು ಸುಮನಾ ಜೊತೆಗೆ ಇಳಿದಿದ್ದರು. ಚಂದ್ರಿಯ ಕಣ್ಣು ನೀರಿನೊಳಗಿನಿಂದ ಅವರನ್ನೇ ನೋಡುತ್ತಿತ್ತು. ಅವಳು ಬಾಲ ಒಂದು ಸಲ ಅಲುಗಿಸಿದ್ದರೆ ಪಾತಿಯೂ ಇಲ್ಲ, ಇವರೂ ಇಲ್ಲ. ಅವಳು ಅಲುಗಿಸಲಿಲ್ಲ. ಮರಿಯನ್ನು ಬೆನ್ನ ಮೇಲೆ ಇಟ್ಟುಕೊಂಡು ನಿಂತೇ ಇದ್ದಳು. ಮರಿಯ ಮೂಗಿನ ಮೇಲೆ ಆಗಲೇ ಅಲೆ ಹಾಯುತ್ತಿತ್ತು.

ಕತ್ತಿ ಹಗ್ಗಕ್ಕೆ ತಾಗಿತು. ನಾಗವೇಣಿ ಹಲ್ಲುಕಚ್ಚಿ ಕೊಯ್ದಳು. ಎಳೆ ಎಳೆಯಾಗಿ ಬಿಚ್ಚಿಕೊಂಡ ಹಗ್ಗ ಕೊನೆಗೆ ಠಪ್ಪೆಂದು ಹರಿಯಿತು. ಬಾಲಕ್ಕೆ ಸುತ್ತಿದ್ದದ್ದು ಸಡಿಲವಾಗಿ ಜಾರಿ ತಳಕ್ಕೆ ಹೋಯಿತು. ಮರಿ ಒಮ್ಮೆ ನೀರಿನಿಂದ ಮೇಲಕ್ಕೆ ಚಿಮ್ಮಿದಂತೆ ಎದ್ದು, ಉದ್ದಕ್ಕೆ ಉಸಿರು ಬಿಟ್ಟಿತು. ಎರಡೂ ದೋಣಿಗಳ ಜನ ಹೋ ಎಂದು ಕೂಗಿದರು. ನಾಗವೇಣಿ ಪಾತಿಯ ತಳದಲ್ಲಿ ಕುಳಿತು ಏದುಸಿರು ಬಿಡುತ್ತಾ ನಗುತ್ತಿದ್ದಳು.

ಮರಿ ತಾಯಿಯ ಬೆನ್ನ ಮೇಲಿನ ನೀರಿನಲ್ಲೇ ಈಜತೊಡಗಿತು. ದೋಣಿ ಹತ್ತಿದ ಸುಮನಾ ಹೆಡ್‌ಫೋನ್ ಹಾಕಿದಾಗ ಅದು ಗುಟುಕು ಗುಟುಕಾಗಿ ಒಂದು ಸಣ್ಣ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಚಂದ್ರಿ ಅದರ ಕೆಳಗಿನಿಂದ ಸರಿದಳು. ನೀರುಕಿವಿ ಎಲ್ಲವನ್ನೂ ದಾಖಲಿಸಿಕೊಳ್ಳುತ್ತಿತ್ತು.

ಇನ್ನು ತಾಯಿ ಮರಿ ಇಬ್ಬರೂ ಆಳಕ್ಕೆ ಹೋಗುತ್ತಾರೆ, ನಾವೂ ಮನೆಗೆ ಹೋಗೋಣ ಎಂದು ನಾಗವೇಣಿ ಚುಕ್ಕಾಣಿಗೆ ಕೈ ಹಾಕಿದಳು. ಆಗ ದೋಣಿಯ ಹಿಂಬದಿ ಮೆಲ್ಲಗೆ ಅಲುಗಿತು.

ಗಡಿಬಿಡಿಯಲ್ಲಿ ಕರೆಗೊರಳನ್ನು ಮೇಲೆತ್ತಲು ಎಲ್ಲರೂ ಮರೆತಿದ್ದರು. ಅದು ಹಗ್ಗದ ತುದಿಯಲ್ಲಿ ನೀರಿನೊಳಗೆ ಸುಮ್ಮನೆ ತೂಗಾಡುತ್ತಿತ್ತು. ಚಂದ್ರಿ ಅದರ ಕೆಳಗೆ ಬಂದಿದ್ದಳು. ತನ್ನ ಅಗಲವಾದ ಮೂತಿಯ ಮೇಲೆ ಆ ಲೋಹದ ಕೊಡವನ್ನು ಜೋಪಾನವಾಗಿ ಇಟ್ಟುಕೊಂಡು ನೀರಿನ ಮೇಲಕ್ಕೆ ಎತ್ತಿದಳು. ಗಾಳಿಯಲ್ಲಿ ಸ್ವಲ್ಪ ಹೊತ್ತು ಹಿಡಿದಳು. ಅದು ಉಸಿರಾಡಲಿಲ್ಲ. ಇಳಿಸಿ, ಮತ್ತೆ ಎತ್ತಿದಳು.

ಎಷ್ಟೋ ವರ್ಷಗಳಿಂದ ಮುಳುಗುತ್ತಿದ್ದೇನೆ ಎಂದು ಕೂಗಿಕೊಂಡಿದ್ದ ದನಿ ಅದು. ಪ್ರತಿಸಲವೂ ಬಂದು ನೋಡಿದ್ದಳು, ಹೇಗೆ ಎತ್ತಬೇಕೆಂದು ಗೊತ್ತಾಗಿರಲಿಲ್ಲ. ಇವತ್ತು ಅದು ಕೂಗುತ್ತಾ ಕೂಗುತ್ತಾ ಒಮ್ಮೆಲೇ ನಿಂತುಹೋಗಿತ್ತು. ಅವಳು ಆಗ ಮರಿಯ ಕಡೆ ಹೋಗಿದ್ದಳು.

ಮರಿ ತಾಯಿಯ ಪಕ್ಕಕ್ಕೆ ಬಂದು ಹಾಲಿಗೆ ಮೂತಿ ತಿವಿಯುತ್ತಿತ್ತು, ತಾಯಿ ತಿರುಗಿಯೂ ನೋಡಲಿಲ್ಲ. ಸೋತ ಮರಿಗೆ ಈಗಲೇ ಹಾಲು ಸಿಗದಿದ್ದರೆ ಉಳಿಯುವುದು ಕಷ್ಟ ಎಂದು ಸುಮನಾ ಮೆಲ್ಲಗೆ ಹೇಳಿದರು. ನಾಗವೇಣಿ ಹಗ್ಗ ಎಳೆದು ಯಂತ್ರವನ್ನು ಮೇಲಕ್ಕೆ ತೆಗೆಯಲು ನೋಡಿದಳು. ಚಂದ್ರಿ ಗಾಬರಿಯಿಂದ ದೋಣಿಗೇ ಒತ್ತಿಕೊಂಡು ಬಂದಳು, ದೋಣಿ ವಾಲಿತು. ನಾಗವೇಣಿ ಹಗ್ಗ ಬಿಟ್ಟಳು. ಕೂಗಿಸಿದರೆ ಚಂದ್ರಿ ಹೋಗುವುದಿಲ್ಲ, ಸುಮ್ಮನಿದ್ದರೂ ಹೋಗುವುದಿಲ್ಲ.

ಸುಮನಾ ಪರದೆಯ ಮುಂದೆ ಕುಳಿತರು. ಸ್ವಲ್ಪ ಹೊತ್ತಿಗೆ ಮುಂಚೆ ಮರಿ ಮಾಡಿದ್ದ ಆ ಗುಟುಕು ಸದ್ದನ್ನು ಹುಡುಕಿ ತೆಗೆದರು. ಈ ಸಲ ಏನನ್ನೂ ಸೋಸಲಿಲ್ಲ. ಅಲೆಯ ಸದ್ದು, ಜನರ ಕೂಗಾಟ, ರಾಟೆಯ ನರಳಿಕೆ, ಎಲ್ಲವನ್ನೂ ಹಾಗೇ ಇಟ್ಟು, ದನಿಯನ್ನು ತಗ್ಗಿಸಿ ಕರೆಗೊರಳಿಗೆ ಕೊಟ್ಟರು.

ಚಂದ್ರಿಯ ಮೂತಿಯ ಮೇಲೆ ಕುಳಿತಿದ್ದ ಯಂತ್ರ ಜುಮ್ಮೆಂದಿತು. ಅವಳು ಅಲುಗದೆ ಕೇಳಿದಳು. ಸುಮನಾ ಇನ್ನೊಮ್ಮೆ ಬಿಟ್ಟರು. ಚಂದ್ರಿ ಬಹಳ ಮೆಲ್ಲಗೆ ಅದನ್ನು ನೀರಿಗೆ ಇಳಿಸಿ, ಕೆಳಗಿನಿಂದ ಸರಿದು, ಸ್ವಲ್ಪ ದೂರ ನಿಂತು ನೋಡಿದಳು. ಆಮೇಲೆ ಮರಿಯನ್ನು ಮುಂದಿಟ್ಟುಕೊಂಡು ಆಳದ ಕಡೆಗೆ ಹೊರಟಳು.

ನಾಗವೇಣಿ ಕಣ್ಣೊರೆಸಿಕೊಂಡಳು. "ಈಗ ಎಂತ ಹೇಳಿದ್ರಿ ಅದಕ್ಕೆ?"

"ನಾನು ಉಳಿದೆ, ನೀನು ಹೋಗು ಅಂತ. ನನಗೆ ತಿಳಿದ ಮಟ್ಟಿಗೆ."

"ಇದೂ ಸುಳ್ಳೇ ಆಯ್ತಲ್ಲ, ಡಾಕ್ಟ್ರಮ್ಮ."

"ಹೌದು," ಎಂದರು ಸುಮನಾ. "ಆದರೆ ಇದನ್ನು ಕೇಳಿ ಯಾರೂ ನಮ್ಮ ಹತ್ತಿರ ಬರುವುದಿಲ್ಲ."

ಮಾರನೆಯ ದಿನ, ನಾಗವೇಣಿ ಸುಳ್ಳು ಅಂಗಿಯ ಕಥೆ ಹೇಳಿದ ಮೇಲೆ, ಉಳಿದ ದೋಣಿಗಳವರೂ ಆ ಸದ್ದನ್ನು ಕೇಳಿ ಇಸಕೊಂಡು ಹೋದರು. ಆ ವಾರವೆಲ್ಲ ಕಾರವಾರದಿಂದ ಮಲ್ಪೆಯವರೆಗೆ, ಒಬ್ಬ ಪ್ರವಾಸಿಯೂ ಇಲ್ಲದ ದೋಣಿಗಳು ಕಡಲಿಗೆ ಹೋಗಿ, ಕರೆಗೊರಳುಗಳನ್ನು ಕೊನೆಯ ಸಲ ನೀರಿಗೆ ಇಳಿಸಿ, ನಾವು ಉಳಿದೆವು, ನೀವು ಹೋಗಿ ಎಂದು ಹೇಳಿ ಬಂದವು.